ಥರ್ಮೋಸ್ಟಾಟ್: ಫ್ರಿಜ್ಜಿನಲ್ಲಿ, ಬಿಎಂಸಿಯಲ್ಲಿ, ಹಸುವಿನ ಮೈಯಲ್ಲಿ



ಇಸ್ತ್ರಿ ಪೆಟ್ಟಿಗೆ ಸಾಕಷ್ಟು ಕಾದ ಮೇಲೆ ‘ಟಿಕ್’ ಎಂದು ಅದರ ದೀಪ ತಾನಾಗಿಯೇ ಆರುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್ಜು ಗುರ್ ಎಂದು ಶುರುವಾಗಿ, ಸ್ವಲ್ಪ ಹೊತ್ತಿಗೆ ತಾನೇ ಸುಮ್ಮನಾಗುತ್ತದೆ. ಡೇರಿಯ ಬಿಎಂಸಿ ಮೋಟಾರು ಕೂಡ ಹೀಗೆಯೇ ನಡೆದು, ನಿಂತು, ಮತ್ತೆ ನಡೆಯುತ್ತದೆ. ಯಾರೂ ಸ್ವಿಚ್ ಒತ್ತಿರುವುದಿಲ್ಲ. ಇಷ್ಟೂ ಕಡೆ ಆ ಕೆಲಸ ಮಾಡುವ ಪುಟ್ಟ ಸಾಧನದ ಹೆಸರು ಥರ್ಮೋಸ್ಟಾಟ್.

ಪಶುವೈದ್ಯರಿಗೂ ಥರ್ಮೋಸ್ಟಾಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಡೇರಿಯಲ್ಲಿ ಹಾಲು ಉಳಿಯುವುದೂ ಹುಳಿಯಾಗುವುದೂ ಈ ಸಾಧನವನ್ನು ನಾವು ಹೇಗೆ ಬಳಸುತ್ತೇವೆ ಎಂಬುದರ ಮೇಲಿದೆ. ನಿಮ್ಮ ಹಸುವಿನ ತಲೆಯೊಳಗೂ ಇಂಥದ್ದೇ ಒಂದು ಥರ್ಮೋಸ್ಟಾಟ್ ಇದೆ. ಅದು ಹೇಗೆ ನಡೆಯುತ್ತದೆ ಎಂದು ತಿಳಿದರೆ ಹಸುವಿಗೆ ಬಂದಿರುವುದು ಜ್ವರವೋ, ಬಿಸಿಲಿನ ಬಾಧೆಯೋ, ಹಾಲು ಜ್ವರವೋ ಎಂದು ವೈದ್ಯರು ಬರುವ ಮೊದಲೇ ಅಂದಾಜು ಮಾಡಬಹುದು. ಈ ಮೂರಕ್ಕೂ ಮಾಡಬೇಕಾದ ಆರೈಕೆ ಬೇರೆ ಬೇರೆ. ತಪ್ಪಿದರೆ ಹಸುವೇ ಕೈಬಿಟ್ಟು ಹೋಗುತ್ತದೆ.

ಕೆರೆಗೆ ನೀರಗಂಟಿ ಇದ್ದ ಹಾಗೆ

ಶಿಕಾರಿಪುರ, ಸೊರಬ ಎರಡೂ ಕೆರೆಗಳ ತಾಲ್ಲೂಕುಗಳು. ಕೆರೆಯ ತೂಬು ಯಾವಾಗ ಎತ್ತಬೇಕು, ಯಾವಾಗ ಮುಚ್ಚಬೇಕು ಎಂದು ನೋಡಿಕೊಳ್ಳುವ ನೀರಗಂಟಿಯ ಕೆಲಸ ನಿಮಗೆ ಗೊತ್ತು. ಗದ್ದೆಗೆ ನೀರು ಸಾಲದಿದ್ದರೆ ತೂಬು ಎತ್ತುತ್ತಾನೆ, ಸಾಕಾದರೆ ಮುಚ್ಚುತ್ತಾನೆ. ನೀರನ್ನು ಅವನು ಹುಟ್ಟಿಸುವುದಿಲ್ಲ, ಮಳೆ ತರಿಸುವುದಿಲ್ಲ. ಕೆರೆ ಬತ್ತಿದರೆ ಅವನಿಂದ ಏನೂ ಆಗದು.

ಥರ್ಮೋಸ್ಟಾಟ್ ಕೂಡ ಹಾಗೆಯೇ. ಅದು ತಂಪು ಮಾಡುವುದಿಲ್ಲ, ಬಿಸಿಯನ್ನೂ ಮಾಡುವುದಿಲ್ಲ. ನಾವು ಗೊತ್ತು ಮಾಡಿದ ಶಾಖಕ್ಕಿಂತ ಹೆಚ್ಚಾಯಿತೇ, ಕಡಿಮೆಯಾಯಿತೇ ಎಂದು ನೋಡಿ ಕರೆಂಟು ಬಿಡುವುದು ಅಥವಾ ಕಡಿಯುವುದು ಮಾತ್ರ ಅದರ ಕೆಲಸ. ತಂಪು ಮಾಡುವುದು ಕಂಪ್ರೆಸರ್, ಬಿಸಿ ಮಾಡುವುದು ಕಾಯಿಲ್. ಕರೆಂಟು ಹೋದರೆ, ಗ್ಯಾಸ್ ಸೋರಿದರೆ, ಬಾಗಿಲು ತೆರೆದೇ ಇದ್ದರೆ ಥರ್ಮೋಸ್ಟಾಟ್ ಎಷ್ಟೇ ಸರಿಯಿದ್ದರೂ ಪ್ರಯೋಜನವಿಲ್ಲ.

ಇದರಿಂದ ಒಂದು ಸಾಮಾನ್ಯ ತಪ್ಪು ಕಲ್ಪನೆ ಬಿಡಬೇಕು. ಬೇಗ ತಂಪಾಗಲಿ ಎಂದು ತಿರುಗಣೆಯನ್ನು ಕೊನೆಯವರೆಗೆ ತಿರುಗಿಸುತ್ತೇವೆ. ಸಾಮಾನ್ಯ ಫ್ರಿಜ್ಜಿನ ಕಂಪ್ರೆಸರ್ ನಡೆಯುವುದು ಒಂದೇ ವೇಗದಲ್ಲಿ. ತಿರುಗಣೆ ಹೇಳುವುದು ‘ಎಲ್ಲಿ ನಿಲ್ಲಬೇಕು’ ಎಂದೇ ಹೊರತು ‘ಎಷ್ಟು ಬೇಗ’ ಎಂದಲ್ಲ. ಕೊನೆಗೆ ತಿರುಗಿಸಿ ಮರೆತರೆ ಸೊಪ್ಪು ತರಕಾರಿ ಹೆಪ್ಪುಗಟ್ಟುತ್ತದೆ, ಕರೆಂಟು ಬಿಲ್ಲು ಏರುತ್ತದೆ.

ಒಳಗೆ ಏನಿರುತ್ತದೆ?

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದ್ದೀರಾ? ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮರದ ಚಕ್ರಕ್ಕೆ ಕೂರಿಸಿ ನೀರು ಹೊಯ್ಯುತ್ತಾರೆ. ಕಾದಾಗ ಹಿಗ್ಗಿದ ಪಟ್ಟಿ ತಣಿದಾಗ ಕುಗ್ಗಿ ಬಿಗಿಯಾಗಿ ಹಿಡಿಯುತ್ತದೆ. ಲೋಹಗಳೆಲ್ಲ ಹೀಗೆ ಹಿಗ್ಗುತ್ತವೆ, ಆದರೆ ಒಂದೇ ಸಮನಾಗಿ ಅಲ್ಲ. ಕಬ್ಬಿಣಕ್ಕಿಂತ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ.

ಹೆಚ್ಚು ಹಿಗ್ಗುವ ಒಂದು ಲೋಹ, ಕಡಿಮೆ ಹಿಗ್ಗುವ ಇನ್ನೊಂದು ಲೋಹ ಎರಡರ ತೆಳು ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದರೆ, ಕಾದಾಗ ಆ ಜೋಡಿ ಪಟ್ಟಿ ಬಾಗಲೇಬೇಕು. ಇಸ್ತ್ರಿ ಪೆಟ್ಟಿಗೆಯಲ್ಲಿ ಕರೆಂಟು ಹೋಗುವ ದಾರಿಯಲ್ಲೇ ಈ ಪಟ್ಟಿ ಇರುತ್ತದೆ. ಕಾದು ಬಾಗಿದಾಗ ಸಂಪರ್ಕ ಬಿಡುತ್ತದೆ, ತಣಿದು ನೆಟ್ಟಗಾದಾಗ ಮತ್ತೆ ಕೂಡುತ್ತದೆ. ನಿಮಗೆ ಕೇಳುವ ‘ಟಿಕ್’ ಸದ್ದು ಅದೇ. ರೇಷ್ಮೆ, ಹತ್ತಿ ಎಂದು ತಿರುಗಣೆಯಲ್ಲಿ ಬರೆದಿರುತ್ತಾರಲ್ಲ, ಪಟ್ಟಿ ಎಷ್ಟು ಬಾಗಿದ ಮೇಲೆ ಸಂಪರ್ಕ ತಪ್ಪಬೇಕು ಎಂಬುದನ್ನು ಅದು ಗೊತ್ತು ಮಾಡುತ್ತದೆ.

ಈ ಜೋಡಿ ಪಟ್ಟಿಯ ಸಾಧನಕ್ಕೆ 1830ರಲ್ಲಿ ಪೇಟೆಂಟ್ ಪಡೆದು ‘ಥರ್ಮೋಸ್ಟಾಟ್’ ಎಂಬ ಹೆಸರಿಟ್ಟವರು ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್. ಅದಕ್ಕೂ 200 ವರ್ಷ ಹಿಂದೆಯೇ ಕಾರ್ನೆಲಿಸ್ ಡ್ರೆಬೆಲ್ ಎಂಬವರು ಒಲೆಯ ಕಾವು ತಾನಾಗಿಯೇ ಹದದಲ್ಲಿ ನಿಲ್ಲುವಂತೆ ಮಾಡಿ, ಕೋಳಿ ಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಗೆ ಬಳಸಿದ್ದರು.

ಹಳೆಯ ಮಾದರಿ ಫ್ರಿಜ್ಜಿನಲ್ಲಿ ಪಟ್ಟಿಯ ಬದಲು ಕೂದಲಿನಂಥ ಸಣ್ಣ ನಳಿಕೆ ಇರುತ್ತದೆ. ಅದರೊಳಗೆ ತುಂಬಿದ ಅನಿಲ ಬಿಸಿಗೆ ಹಿಗ್ಗಿ ಸ್ವಿಚ್ಚನ್ನು ಒತ್ತುತ್ತದೆ, ತಂಪಿಗೆ ಕುಗ್ಗಿ ಬಿಡುತ್ತದೆ. ಈಗಿನ ಬಿಎಂಸಿಗಳಲ್ಲಿ, ಹೊಸ ಫ್ರಿಜ್ಜುಗಳಲ್ಲಿ ಸೆನ್ಸರ್ ಇರುತ್ತದೆ, ಅಂಕಿ ಪರದೆಯ ಮೇಲೆ ಕಾಣುತ್ತದೆ. ಸಾಧನ ಬೇರೆಯಾದರೂ ಕೆಲಸ ಒಂದೇ: ನೋಡುವುದು, ಬಿಡುವುದು, ಕಡಿಯುವುದು.

ಮನೆಯ ಫ್ರಿಜ್ಜು: ಮೂರು ಮಾತು

ಮೊದಲನೆಯದು, ತಿರುಗಣೆಯ ಮೇಲಿನ ಅಂಕಿ ಡಿಗ್ರಿ ಅಲ್ಲ. 1ರಿಂದ 5 ಅಥವಾ 7ರವರೆಗೆ ಇರುವ ತಿರುಗಣೆಗಳಲ್ಲಿ ಸಾಮಾನ್ಯವಾಗಿ ಅಂಕಿ ದೊಡ್ಡದಾದಷ್ಟೂ ತಂಪು ಹೆಚ್ಚು. ದಿನನಿತ್ಯಕ್ಕೆ ನಡುವಿನ ಅಂಕಿ ಸಾಕು.

ಎರಡನೆಯದು, ಕಾಯಿಸಿದ ಹಾಲನ್ನು ಬಿಸಿಯಿರುವಾಗಲೇ ಒಳಗಿಟ್ಟರೆ ಪಕ್ಕದಲ್ಲಿರುವ ಪದಾರ್ಥಗಳೂ ಬಿಸಿಯಾಗುತ್ತವೆ. ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸಿ, ಬಳಿಕ ಒಳಗಿಡಿ.

ಮೂರನೆಯದು ಲಸಿಕೆ, ಔಷಧದ ಮಾತು. ಕಾಲುಬಾಯಿ ರೋಗದ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ತಂಪಿನಲ್ಲಿಡಬೇಕೆಂದು ವೈದ್ಯರು ಹೇಳಿದ ಔಷಧವನ್ನು ಬಾಗಿಲಿನ ಗೂಡಿನಲ್ಲಿ ಇಡಬೇಡಿ, ಬಾಗಿಲು ತೆರೆದಾಗಲೆಲ್ಲ ಅಲ್ಲಿ ಬಿಸಿ ಗಾಳಿ ತಗಲುತ್ತದೆ. ಐಸ್ ಪೆಟ್ಟಿಗೆಗೆ ತಾಗಿಸಿಯೂ ಇಡಬೇಡಿ. ನಡುವಿನ ಅಡ್ಡೆ ಸರಿಯಾದ ಜಾಗ.

ಬಿಎಂಸಿ: ಒಬ್ಬರು ತಡಮಾಡಿದರೆ ಊರಿಗೆಲ್ಲ ನಷ್ಟ

ಕೆಚ್ಚಲಿನಿಂದ ಹಾಲು ಬರುವುದು ಹೆಚ್ಚು ಕಡಿಮೆ ಹಸುವಿನ ಮೈಯ ಬಿಸಿಯಲ್ಲೇ. ಬ್ಯಾಕ್ಟೀರಿಯಾ ಬೆಳೆಯಲು ಇದಕ್ಕಿಂತ ಅನುಕೂಲದ ಬಿಸಿ ಇನ್ನೊಂದಿಲ್ಲ. ಹೊಸ ಹಾಲಿಗೆ ಮೊದಲ ಸ್ವಲ್ಪ ಹೊತ್ತು ಬ್ಯಾಕ್ಟೀರಿಯಾವನ್ನು ತಡೆಯುವ ತನ್ನದೇ ಶಕ್ತಿ ಇರುತ್ತದೆ. ಆ ಶಕ್ತಿ ಕಳೆದ ಮೇಲೆ ಬೆಚ್ಚಗಿನ ಹಾಲಿನಲ್ಲಿ ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದು ಲೆಕ್ಕ ಹಾಕಿ ನೋಡಿ. ಎರಡು ಗಂಟೆಯಲ್ಲಿ 1 ಇದ್ದದ್ದು 16, ಮೂರು ಗಂಟೆಯಲ್ಲಿ 64. ಪಾತ್ರೆ ಸರಿಯಾಗಿ ತೊಳೆಯದಿದ್ದರೆ ಶುರುವಾಗುವ ಸಂಖ್ಯೆಯೇ ದೊಡ್ಡದು.

ಹಾಲನ್ನು 4 ಡಿಗ್ರಿಗೆ ಇಳಿಸಿದರೆ ಈ ಬೆಳವಣಿಗೆ ಬಹಳ ಮಟ್ಟಿಗೆ ನಿಧಾನವಾಗುತ್ತದೆ. ಬಿಎಂಸಿಯ ಥರ್ಮೋಸ್ಟಾಟನ್ನು 4 ಡಿಗ್ರಿಯ ಸುತ್ತ ಇಡುವುದು ಇದಕ್ಕಾಗಿಯೇ. ಇಲ್ಲೊಂದು ಮಾತು ಗಟ್ಟಿಯಾಗಿ ನೆನಪಿಡಬೇಕು: ತಂಪು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ. ಬಿಎಂಸಿಗೆ ಬರುವ ಮೊದಲೇ ಹುಟ್ಟಿಕೊಂಡದ್ದು ತೊಟ್ಟಿಯಲ್ಲಿ ಹಾಗೆಯೇ ಉಳಿಯುತ್ತದೆ. ತಡವಾಗಿ ಬಂದ ಹಾಲನ್ನು ಯಾವ ಥರ್ಮೋಸ್ಟಾಟೂ ಹೊಸ ಹಾಲು ಮಾಡಲಾರದು.

ಈಗ ಇನ್ನೊಂದು ಲೆಕ್ಕ. ತೊಟ್ಟಿಯಲ್ಲಿ 4 ಡಿಗ್ರಿಗೆ ತಣಿದ 400 ಲೀಟರ್ ಹಾಲು ಇದೆ ಎಂದಿಟ್ಟುಕೊಳ್ಳಿ. ಕೊನೆಯಲ್ಲಿ 34 ಡಿಗ್ರಿಯ 100 ಲೀಟರ್ ಬಂದು ಬಿದ್ದರೆ ಇಡೀ 500 ಲೀಟರ್ 10 ಡಿಗ್ರಿಗೆ ಏರುತ್ತದೆ. ಥರ್ಮೋಸ್ಟಾಟ್ ಇದನ್ನು ನೋಡಿ ಕಂಪ್ರೆಸರನ್ನು ಶುರು ಮಾಡುತ್ತದೆ, ನಿಜ. ಆದರೆ ಮತ್ತೆ 4ಕ್ಕೆ ಇಳಿಯುವವರೆಗೆ ಎಲ್ಲರ ಹಾಲೂ ಬೆಚ್ಚಗೇ ಇರುತ್ತದೆ. ಹೊತ್ತಿಗೆ ಸರಿಯಾಗಿ ಹಾಕಿದವರ ಹಾಲೂ ಅದರಲ್ಲಿದೆ. ಕ್ಯಾನಿನ ಕಾಲದಲ್ಲಿ ಒಂದು ಕ್ಯಾನ್ ಕೆಟ್ಟರೆ ಒಂದೇ ಕ್ಯಾನ್ ವಾಪಸು ಬರುತ್ತಿತ್ತು. ಬಿಎಂಸಿಯಲ್ಲಿ ಕೆಟ್ಟರೆ ಇಡೀ ತೊಟ್ಟಿ ಕೆಡುತ್ತದೆ. ಆದ್ದರಿಂದಲೇ ಕಾರ್ಯದರ್ಶಿಗಳು ‘ಹೊತ್ತಾಯಿತು, ತೆಗೆದುಕೊಳ್ಳುವುದಿಲ್ಲ’ ಎಂದರೆ ಸಿಟ್ಟಾಗಬೇಡಿ. ಅವರು ಕಾಯುತ್ತಿರುವುದು ನಿಮ್ಮದೇ ಹಾಲನ್ನು.

ಈ ಹಾಲು ಟ್ಯಾಂಕರಿನಲ್ಲಿ ಶಿವಮೊಗ್ಗ ದಾಟಿ ಮಾಚೇನಹಳ್ಳಿ ಡೇರಿಯವರೆಗೆ ಹೋಗಬೇಕು. ಹಾಲಿನ ಗುಣಮಟ್ಟ ನೋಡಲು ಮಾಡುವ ಎಂ.ಬಿ.ಆರ್.ಟಿ. ಪರೀಕ್ಷೆಯಲ್ಲಿ ಹಾಲಿಗೆ ನೀಲಿ ಬಣ್ಣ ಹಾಕಿ, ಬಣ್ಣ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡುತ್ತಾರೆ. ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ. ಆ ಪರೀಕ್ಷೆಗೆ ಉತ್ತರ ಸಿದ್ಧವಾಗುವುದು ನಿಮ್ಮ ಕೊಟ್ಟಿಗೆಯಲ್ಲಿ.

ಸಂಘದ ನಿರ್ದೇಶಕಿಯರಾಗಿರುವವರು ಬಿಎಂಸಿ ಕೋಣೆಗೆ ಹೋದಾಗ ಮೂರು ಸಂಗತಿ ನೋಡಿ:

1. ಪರದೆಯ ಮೇಲಿನ ಅಂಕಿಯನ್ನು ಮಾತ್ರ ನಂಬಬೇಡಿ. ಸೆನ್ಸರ್‌ಗೆ ಗೊತ್ತಿರುವುದು ತಾನಿರುವ ಜಾಗದ ಶಾಖ ಮಾತ್ರ. ಸ್ವಚ್ಛವಾದ ಕೈ ಥರ್ಮಾಮೀಟರಿನಿಂದ ಆಗಾಗ ಹಾಲನ್ನೇ ಅಳೆದು ತಾಳೆ ನೋಡಲು ಸಿಬ್ಬಂದಿಗೆ ಹೇಳಿ.

2. ಹಾಲು ಕಲಕುವ ರೆಕ್ಕೆ ತಿರುಗುತ್ತಿದೆಯೇ ನೋಡಿ. ಅದು ನಿಂತರೆ ತಳದ ಹಾಲು ಹೆಪ್ಪುಗಟ್ಟುವಷ್ಟು ತಣಿಯುತ್ತದೆ, ಮೇಲಿನದು ಬೆಚ್ಚಗೇ ಉಳಿಯುತ್ತದೆ.

3. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋಗುವುದು ನಮ್ಮ ಕಡೆ ಹೊಸದಲ್ಲ. ಜನರೇಟರಿಗೆ ಡೀಸೆಲ್ ಇದೆಯೇ, ವಾರಕ್ಕೊಮ್ಮೆ ಚಾಲೂ ಮಾಡಿ ನೋಡುತ್ತಾರೆಯೇ ಎಂದು ಕೇಳಿ.

ಹಸುವಿನ ತಲೆಯೊಳಗಿನ ಥರ್ಮೋಸ್ಟಾಟ್

ಹಸುವಿನ ಮೈಯ ಸಹಜ ಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮಾಘದ ಚಳಿಯಲ್ಲೂ ಚೈತ್ರದ ಬಿಸಿಲಲ್ಲೂ ಅದು ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಮಿದುಳಿನ ಅಡಿಭಾಗದಲ್ಲಿ ಹೈಪೋಥಲಾಮಸ್ ಎಂಬ ಸಣ್ಣ ಭಾಗವಿದೆ. ಮೈಯ ಬಿಸಿ ಕಾಯುವ ನೀರಗಂಟಿ ಅದೇ. ಮೈ ಬಿಸಿಯಾದರೆ ಬೆವರಿಸುತ್ತದೆ, ಏದುಸಿರು ಬಿಡಿಸುತ್ತದೆ, ನೀರು ಹೆಚ್ಚು ಕುಡಿಸುತ್ತದೆ, ಮೇವು ಕಡಿಮೆ ಮಾಡಿಸುತ್ತದೆ. ಮೇವು ಕಡಿಮೆ ಏಕೆಂದರೆ ದೊಡ್ಡ ಹೊಟ್ಟೆಯಲ್ಲಿ ಮೇವು ಹುದುಗುವಾಗಲೂ ಬಿಸಿ ಹುಟ್ಟುತ್ತದೆ. ಚಳಿಯಾದರೆ ನಡುಗಿಸುತ್ತದೆ, ಕೂದಲು ನಿಮಿರಿಸುತ್ತದೆ.

ಈ ವ್ಯವಸ್ಥೆ ಮೂರು ರೀತಿಯಲ್ಲಿ ಏರುಪೇರಾಗುತ್ತದೆ.

ಒಂದು: ಜ್ವರ. ಸೋಂಕು ತಗಲಿದಾಗ ಮಿದುಳು ತಾನೇ ತಿರುಗಣೆಯನ್ನು ಮೇಲಕ್ಕೆ ತಿರುಗಿಸುತ್ತದೆ, 102 ಇದ್ದದ್ದನ್ನು 105ಕ್ಕೆ ಎಂದುಕೊಳ್ಳಿ. ಮೈಯ ಬಿಸಿ ಇನ್ನೂ 102 ಇರುವಾಗ ಮಿದುಳಿಗೆ ಅದು ಸಾಲದು ಅನ್ನಿಸುತ್ತದೆ. ಅದಕ್ಕೇ ಜ್ವರ ಏರುವಾಗ ಹಸು ನಡುಗುತ್ತದೆ, ಕೂದಲು ನಿಮಿರುತ್ತದೆ. ಜ್ವರದ ಔಷಧ ಮಾಡುವುದು ತಿರುಗಣೆಯನ್ನು ಕೆಳಗೆ ತರುವ ಕೆಲಸ. ಸೋಂಕಿಗೆ ಬೇರೆ ಔಷಧ ಬೇಕು. ಕೆಚ್ಚಲು ಬಾವು, ಗರ್ಭಕೋಶದ ಸೋಂಕು, ಉಣ್ಣೆಯಿಂದ ಬರುವ ಥೈಲೇರಿಯಾ, ಕಾರಣ ಯಾವುದೆಂದು ಕಂಡುಹಿಡಿಯದೆ ಬರೀ ಜ್ವರ ಇಳಿಸಿದರೆ ರೋಗ ಒಳಗೇ ಬೆಳೆಯುತ್ತದೆ.

ಎರಡು: ಬಿಸಿಲಿನ ಬಾಧೆ. ಇಲ್ಲಿ ತಿರುಗಣೆ ಸರಿಯಾದ ಜಾಗದಲ್ಲೇ ಇದೆ. ಬೆವರು, ಏದುಸಿರು ಎಲ್ಲ ನಡೆದಿದೆ, ಆದರೂ ಬಿಸಿ ಹೊರಹೋಗುತ್ತಿಲ್ಲ. ಹಾಗಾಗಿ ಜ್ವರದ ಚುಚ್ಚುಮದ್ದು ಇಲ್ಲಿ ಕೆಲಸ ಮಾಡುವುದಿಲ್ಲ. ಬೇಕಾದದ್ದು ನೆರಳು, ನೀರು, ಗಾಳಿ. ಎಚ್.ಎಫ್. ಮಿಶ್ರತಳಿ ಹಸುಗಳಿಗೆ ಸುಮಾರು 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಾಧೆ ಶುರುವಾಗುತ್ತದೆ. ಮಲೆನಾಡು ಗಿಡ್ಡ ಇದಕ್ಕಿಂತ ಬಹಳ ಹೆಚ್ಚು ತಡೆಯುತ್ತದೆ. ಎಮ್ಮೆಗೆ ಬೆವರು ಗ್ರಂಥಿ ಕಡಿಮೆ, ಚರ್ಮ ಕಪ್ಪು. ಕೆರೆಯಲ್ಲಿ ಬಿದ್ದುಕೊಳ್ಳುವುದು ಅದರ ಸೋಮಾರಿತನವಲ್ಲ, ಅದರ ಥರ್ಮೋಸ್ಟಾಟ್ ಹೇಳಿಸುವ ಕೆಲಸ.

ಹಸುವಿನ ಮೈಮೇಲೆ ನೀರು ಹೊಯ್ದರೆ ಸಾಲದು, ಆ ನೀರು ಆರಬೇಕು. ಆರುವಾಗಲೇ ಮೈಯ ಬಿಸಿ ಹೋಗುವುದು. ಸೊರಬದ ಕಡೆ ಮಳೆಗೆ ಮುಂಚಿನ ಸೆಕೆಯಲ್ಲಿ, ಗಾಳಿಯಾಡದ ಕೊಟ್ಟಿಗೆಯಲ್ಲಿ ನೀರು ಹೊಯ್ದು ಬಿಟ್ಟರೆ ತೇವ ಹೆಚ್ಚಿ ಬಾಧೆ ಇನ್ನೂ ಏರುತ್ತದೆ. ನೀರು ಹೊಯ್ಯಿರಿ, ಜೊತೆಗೆ ಗಾಳಿ ಬಿಡಿ. ಗಾಳಿಯಿಲ್ಲದ ಕಡೆ ಒದ್ದೆ ಗೋಣಿಚೀಲ ಹೊದಿಸಿಡಬೇಡಿ.

ಮೂರು: ಹಾಲು ಜ್ವರ. ಹೆಸರಿನಲ್ಲಿ ಜ್ವರ ಇದೆ, ಮೈಯಲ್ಲಿ ಇಲ್ಲ. ಕರು ಹಾಕಿದ ಎರಡು ಮೂರು ದಿನದೊಳಗೆ, ಹೆಚ್ಚು ಹಾಲಿನ ಹಸುಗಳಲ್ಲಿ ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಇಳಿಯುವುದರಿಂದ ಇದು ಬರುತ್ತದೆ. ಸ್ನಾಯುಗಳು ಸೋಲುತ್ತವೆ, ರಕ್ತದ ಓಟ ಕುಗ್ಗುತ್ತದೆ. ಹಸು ಮಲಗಿ ಕತ್ತನ್ನು ಪಕ್ಕೆಗೆ ತಿರುಗಿಸಿಕೊಳ್ಳುತ್ತದೆ, ಕಿವಿ ತಣ್ಣಗಿರುತ್ತದೆ, ಥರ್ಮಾಮೀಟರು 100ಕ್ಕಿಂತ ಕೆಳಗೆ ತೋರಿಸಬಹುದು. ‘ಜ್ವರ’ ಎಂಬ ಮಾತು ಕೇಳಿ ತಣ್ಣೀರು ಹೊಯ್ಯುವುದು, ಜ್ವರದ ಮಾತ್ರೆ ಕೊಡುವುದು ಎರಡೂ ಅಪಾಯ. ಬಾಯಿಗೆ ಏನನ್ನೂ ಹೊಯ್ಯಬೇಡಿ. ನುಂಗುವ ಶಕ್ತಿ ಕುಗ್ಗಿರುವುದರಿಂದ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹಸುವನ್ನು ಒಂದು ಮಗ್ಗುಲಿಗೆ ಚಾಚಿ ಮಲಗಲು ಬಿಡಬೇಡಿ. ಹುಲ್ಲಿನ ಕಟ್ಟು ಒತ್ತಾಗಿಟ್ಟು ಎದೆಯ ಮೇಲೆ ಕೂರುವಂತೆ ಮಾಡಿ, ಒಣ ಗೋಣಿ ಹೊದಿಸಿ, ಕೂಡಲೇ ವೈದ್ಯರನ್ನು ಕರೆಯಿರಿ. ವೈದ್ಯರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಹೆಚ್ಚಿನ ಹಸುಗಳು ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುತ್ತವೆ. ಬೆಳಗಾಗಲಿ ಎಂದು ಕಾದರೆ ಏಳದೆಯೂ ಇರಬಹುದು.

ಅಳೆಯುವುದು ಹೇಗೆ?

ಕಿವಿ, ಕೊಂಬು ಮುಟ್ಟಿ ‘ಬಿಸಿ ಇದೆ’ ಎನ್ನುವುದು ಅಂದಾಜು ಮಾತ್ರ. ಜ್ವರ ಏರುವಾಗ ಕಿವಿ ತಣ್ಣಗೂ ಇರಬಹುದು. ಔಷಧದ ಅಂಗಡಿಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಥರ್ಮಾಮೀಟರೊಂದನ್ನು ಹಸುವಿಗೆಂದೇ ಇಟ್ಟುಕೊಳ್ಳಿ, ಮನೆಯವರಿಗೆ ಅದನ್ನು ಬಳಸಬೇಡಿ. ತುದಿಗೆ ಕೊಬ್ಬರಿ ಎಣ್ಣೆ ಸವರಿ, ಬಾಲ ಎತ್ತಿ ಹಿಡಿದು, ಗುದದ್ವಾರದೊಳಗೆ ಎರಡು ಅಂಗುಲದಷ್ಟು ಹಾಕಿ, ಸ್ವಲ್ಪ ಓರೆ ಮಾಡಿ ತುದಿ ಒಳಗೋಡೆಗೆ ತಾಗುವಂತೆ ಹಿಡಿಯಿರಿ. ಸಗಣಿಯ ನಡುವೆ ನಿಂತರೆ ತಪ್ಪು ಅಂಕಿ ಬರುತ್ತದೆ. ಬಿಎಂಸಿ ಸೆನ್ಸರ್‌ಗೆ ಹೇಳಿದ ಮಾತೇ ಇಲ್ಲಿಗೂ: ತಾನಿರುವ ಜಾಗದ ಶಾಖವಷ್ಟೇ ಅದಕ್ಕೆ ಗೊತ್ತು. ಬೀಪ್ ಸದ್ದು ಬರುವವರೆಗೆ ಕೈಯಲ್ಲೇ ಹಿಡಿದಿರಿ, ಬಳಿಕ ತೊಳೆದಿಡಿ.

ಹಸು ಆರೋಗ್ಯವಾಗಿರುವಾಗಲೇ ಮೂರು ದಿನ ಬೆಳಿಗ್ಗೆ, ಸಂಜೆ ಅಳೆದು ಬರೆದಿಡಿ. ಸಂಜೆಯ ಅಂಕಿ ಸ್ವಲ್ಪ ಹೆಚ್ಚಿರುವುದು ಸಹಜ. ಮಧ್ಯಾಹ್ನ ಬಿಸಿಲಿನಿಂದ ಬಂದ ಹಸು 103 ತೋರಿಸಿದರೆ ನೆರಳಿಗೆ ಕಟ್ಟಿ, ನೀರು ಕುಡಿಸಿ, ಗಾಳಿ ಬಿಟ್ಟು ಒಂದು ಗಂಟೆಯ ಮೇಲೆ ಮತ್ತೆ ಅಳೆಯಿರಿ. ಇಳಿದರೆ ಬಿಸಿಲಿನದು. ಇಳಿಯದಿದ್ದರೆ ಜ್ವರ ಎಂದು ತಿಳಿದು ಕರೆ ಮಾಡಿ. 105 ದಾಟಿದ್ದರೆ, ಬಾಯಿ ತೆರೆದು ಜೊಲ್ಲು ಸುರಿಸುತ್ತಾ ಏದುಸಿರು ಬಿಡುತ್ತಿದ್ದರೆ ಕಾಯಬೇಡಿ. ನೀರು, ಗಾಳಿ ಕೊಡುತ್ತಲೇ ವೈದ್ಯರನ್ನು ಕರೆಯಿರಿ. ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಫೋನಿನಲ್ಲಿ ‘ಹಸುಗೆ ಮೈ ಸರಿಯಿಲ್ಲ’ ಎನ್ನುವುದಕ್ಕಿಂತ ‘ಕರು ಹಾಕಿ ಎರಡು ದಿನ, ಮಲಗಿದೆ, ಬಿಸಿ 99’ ಎಂದರೆ ವೈದ್ಯರು ಬೇಕಾದ ಔಷಧವನ್ನು ಕೈಯಲ್ಲೇ ಹಿಡಿದು ಬರುತ್ತಾರೆ.

ಕೊಟ್ಟಿಗೆ ಫ್ಯಾನಿಗೂ ಥರ್ಮೋಸ್ಟಾಟ್

ಎರಡು ಮೂರು ಮಿಶ್ರತಳಿ ಹಸು ಕಟ್ಟಿರುವವರು ಕೊಟ್ಟಿಗೆಯ ಫ್ಯಾನಿಗೆ ಥರ್ಮೋಸ್ಟಾಟ್ ಸ್ವಿಚ್ ಹಾಕಿಸಬಹುದು. 25 ಡಿಗ್ರಿಗೆ ಇಟ್ಟರೆ ನೀವು ಅಡಿಕೆ ತೋಟದಲ್ಲೋ ಜೋಳದ ಹೊಲದಲ್ಲೋ ಇರುವಾಗಲೂ ಫ್ಯಾನು ತಾನೇ ಶುರುವಾಗುತ್ತದೆ. ಅದರ ಸೆನ್ಸರನ್ನು ಬಿಸಿಲು ತಾಗುವ ಗೋಡೆಗಾಗಲಿ, ಕಾದ ತಗಡಿನ ಕೆಳಗಾಗಲಿ ಕಟ್ಟಬೇಡಿ. ಹಸು ನಿಂತಾಗ ಬೆನ್ನು ಬರುವ ಎತ್ತರದಲ್ಲಿ, ಅದರ ನಾಲಿಗೆಗೆ ಸಿಗದಂತೆ ಕಟ್ಟಿ. ಕೊಟ್ಟಿಗೆ ಒದ್ದೆಯ ಜಾಗ, ಆದ್ದರಿಂದ ವೈರಿಂಗ್ ಮತ್ತು ಅರ್ಥಿಂಗನ್ನು ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಫ್ಯಾನು ಇಲ್ಲದಿದ್ದರೂ ಮಾಡಬಹುದಾದ್ದು ಬಹಳಷ್ಟಿದೆ. ತಗಡಿನ ಮೇಲೆ ತೆಂಗಿನ ಗರಿ ಅಥವಾ ಸೋಗೆ ಹೊದಿಸಿ. ಹೆಚ್ಚಿನ ಮೇವನ್ನು ಮುಂಜಾನೆ ಮತ್ತು ರಾತ್ರಿ ಹಾಕಿ, ಮಧ್ಯಾಹ್ನ ಕಡಿಮೆ ಮಾಡಿ. ಹಾಲು ಕೊಡುವ ಮಿಶ್ರತಳಿ ಹಸು ಬೇಸಿಗೆಯಲ್ಲಿ ದಿನಕ್ಕೆ 60ರಿಂದ 100 ಲೀಟರ್ ನೀರು ಕುಡಿಯುತ್ತದೆ. ದಿನಕ್ಕೆ ಎರಡು ಬಾರಿ ಬಕೆಟ್ ಹಿಡಿದರೆ ಸಾಲದು, ತೊಟ್ಟಿಯಲ್ಲಿ ನೀರು ಸದಾ ಇರಲಿ.

ನೆನಪಿಡಿ

• ಥರ್ಮೋಸ್ಟಾಟ್ ಕಾಯುತ್ತದೆ, ಸರಿಪಡಿಸುವುದಿಲ್ಲ. ಹಾಲು ಹಿಂಡಿದ ಕೂಡಲೇ ಶುಚಿಯಾದ ಸ್ಟೀಲ್ ಪಾತ್ರೆಯಲ್ಲಿ ಡೇರಿಗೆ ತಲುಪಿಸಿ.
• ಹಿಂದಿನ ಹೊತ್ತಿನ ಹಾಲನ್ನು ಹೊಸ ಹಾಲಿಗೆ ಬೆರೆಸಬೇಡಿ.
• ಸಹಜ ಬಿಸಿ 101–102.5. ಹೆಚ್ಚಾದರೆ ಜ್ವರವೋ ಬಿಸಿಲೋ ನೋಡಿ. ಕರು ಹಾಕಿದ ಹಸುವಿನಲ್ಲಿ ಕಡಿಮೆಯಾದರೆ ಹಾಲು ಜ್ವರದ ಶಂಕೆ ಇರಲಿ.
• ಮನುಷ್ಯರ ಜ್ವರದ ಮಾತ್ರೆಯನ್ನು ಹಸುವಿಗೆ ಕೊಡಬೇಡಿ.
• ಮುಂದಿನ ಸಂಘದ ಸಭೆಗೆ ಬರುವಾಗ ನಿಮ್ಮ ಹಸುವಿನ ಮೂರು ದಿನದ ಅಂಕಿ ಬರೆದ ಚೀಟಿ ತನ್ನಿ. ಒಬ್ಬರದನ್ನೊಬ್ಬರು ಹೋಲಿಸಿ ನೋಡಿ. ಯಾವ ಹಸುವಿನ ಅಂಕಿ ಉಳಿದವಕ್ಕಿಂತ ಬೇರೆಯಾಗಿದೆಯೋ ಅದನ್ನು ಮೊದಲು ವೈದ್ಯರಿಗೆ ತೋರಿಸಿ.